ಹೊಳೆಯದ ದಾರ

ವೀಸಾ ಬೇಡ ಎಂದ ಮಾತ್ರಕ್ಕೆ ಏನೂ ಬೇಡ ಎಂದರ್ಥವಲ್ಲ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯಸ್ಸಿರಬೇಕು. ವಾಪಸ್ ಹೋಗುವ ಟಿಕೆಟ್ ಕೈಯಲ್ಲಿರಬೇಕು. ಎಲ್ಲಿ ಇಳಿದುಕೊಳ್ಳುತ್ತೀರಿ, ಅದಕ್ಕೆ ಹಣ ಕಟ್ಟಿದ್ದೀರಾ, ಜೊತೆಗೆ ಯಾರಿರುತ್ತಾರೆ, ಯಾಕೆ ಬಂದಿರಿ, ಯಾವಾಗ ತೊಲಗುತ್ತೀರಿ, ಇಷ್ಟಕ್ಕೂ ಉತ್ತರ ಇರಬೇಕು. ಮನೆ ಬಾಡಿಗೆಗೆ ಕೊಡುವವರೂ ಇಷ್ಟು ಕೊರೆಯುವುದಿಲ್ಲ. ನಾನು ಎಲ್ಲಕ್ಕೂ ಉತ್ತರ ಕೊಟ್ಟೆ. ಯಾಕೆ ಬಂದಿರಿ ಎಂದದ್ದಕ್ಕೆ ‘ಪ್ರವಾಸ’ ಎಂದೆ. ಅದು ಶುದ್ಧ ಸುಳ್ಳು. ನಾನು ಬಂದದ್ದು ತಮ್ಮನ ಜೊತೆ ಜಗಳವಾಡಲು.

ಫೋನಿನಲ್ಲೂ ಜಗಳವಾಡುತ್ತೇವೆ, ಮುಖವೂ ಕಾಣುತ್ತದೆ, ನಿಜ. ಆದರೆ ಫೋನಿನಲ್ಲಿ ಜಗಳವಾಡಿದರೆ ಒಬ್ಬರು ಕಟ್ ಮಾಡಿಬಿಡಬಹುದು. ಒಂದೇ ಕೋಣೆಯಲ್ಲಿದ್ದರೆ ಹಾಗಲ್ಲ. ಮುಖ ಊದಿಸಿಕೊಂಡವನೇ ಸ್ವಲ್ಪ ಹೊತ್ತಾದ ಮೇಲೆ ‘ಟೀ ಕುಡೀತೀಯಾ’ ಎಂದು ಕೇಳಬೇಕಾಗುತ್ತದೆ. ಆ ಮಾತು ಕೇಳುವುದಕ್ಕೆ ನಾನು ಸಮುದ್ರ ದಾಟಿ ಬಂದಿದ್ದೆ.

ತಮ್ಮ ಇರುವುದು ನಾವು ಹುಟ್ಟಿದ ದೇಶದಲ್ಲಿ. ಮದುವೆಯಾಗಿ ನಾನು ಸೇರಿದ್ದು ಪಕ್ಕದ ದೇಶ. ಆಗ ನಡುವೆ ಬಸ್ಸಿತ್ತು. ಬೆಳಿಗ್ಗೆ ಹತ್ತಿದರೆ ಸಂಜೆಗೆ ಅಪ್ಪನ ಅಂಗಡಿಯ ಮುಂದೆ ಇಳಿಯುತ್ತಿದ್ದೆ. ಆಮೇಲೆ ದೊಡ್ಡವರು ದೊಡ್ಡವರು ಮುನಿಸಿಕೊಂಡರು, ಬಸ್ಸು ನಿಂತಿತು. ಈಗ ಅವರು ನಮಗೆ ವೀಸಾ ಕೊಡುವುದಿಲ್ಲ, ನಮ್ಮವರು ಅವರಿಗೆ ಕೊಡುವುದಿಲ್ಲ. ನನ್ನ ಗಂಡ ತೀರಿಕೊಂಡಾಗ ವಾಪಸ್ ಹೋಗೋಣವೆಂದರೆ ಅಷ್ಟರಲ್ಲಿ ನಾನು ಗಂಡನ ದೇಶದ ಪ್ರಜೆಯಾಗಿ ನನ್ನ ಪಾಸ್‌ಪೋರ್ಟಿನ ಬಣ್ಣ ಬದಲಾಗಿತ್ತು. ನನಗೆ ಮಕ್ಕಳಿಲ್ಲ. ತಮ್ಮ ಮದುವೆಯ ತಂಟೆಗೇ ಹೋಗಲಿಲ್ಲ. ನನ್ನವರು ಎನ್ನುವುದಕ್ಕೆ ನನಗೆ ಅವನೊಬ್ಬ, ಅವನಿಗೆ ನಾನೊಬ್ಬಳು.

ನಾನು ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿನ ನರ್ಸ್ ಒಬ್ಬಳು ಈ ದಾರಿ ತೋರಿಸಿದಳು. ಸಮುದ್ರದ ನಡುವೆ ಒಂದು ಪುಟ್ಟ ದೇಶವಿದೆ, ಅದಕ್ಕೆ ಯಾರ ಜಗಳವೂ ಬೇಡ, ಎರಡೂ ಪಾಸ್‌ಪೋರ್ಟುಗಳನ್ನು ಎರಡು ವಾರದ ಮಟ್ಟಿಗೆ ವೀಸಾ ಇಲ್ಲದೆ ಒಳಗೆ ಬಿಡುತ್ತದೆ ಎಂದಳು. ಅಂದಿನಿಂದ ನಾವು ಅಲ್ಲಿ ಎರಡು ಸಲ ಸೇರಿದ್ದೇವೆ. ಇದು ಮೂರನೆಯದು, ಇದೇ ಕೊನೆಯದು. ನಾನಿರುವ ದೇಶದಿಂದ ಹೋದವರಲ್ಲಿ ಕೆಲವರು ವಾಪಸ್ ಬರಲೇ ಇಲ್ಲವಂತೆ. ಅದಕ್ಕೆ ಮುಂದಿನ ತಿಂಗಳಿನಿಂದ ನಮ್ಮ ಪಾಸ್‌ಪೋರ್ಟಿಗೆ ಅಲ್ಲಿಯೂ ವೀಸಾ ಬೇಕು. ಸ್ವಂತ ಮನೆ, ಬ್ಯಾಂಕಿನಲ್ಲಿ ಗಂಟು, ಹಿಂದೆ ಕಾಯುವ ಸಂಸಾರ, ಇಷ್ಟು ಇದ್ದವರಿಗೆ ಕೊಡುತ್ತಾರೆ. ನನ್ನ ಹತ್ತಿರ ಮೂರೂ ಇಲ್ಲ.

ತಮ್ಮನನ್ನು ಎಲ್ಲರೂ ಕರೆಯುವುದು ಗೋಂದು ಎಂದು. ನಮ್ಮಪ್ಪನದು ಪುಸ್ತಕಗಳಿಗೆ ಬೈಂಡ್ ಹಾಕುವ ಅಂಗಡಿ. ಚಿಕ್ಕಂದಿನಲ್ಲಿ ಇವನ ಬೆರಳಿಗೆ ಸದಾ ಗೋಂದು ಮೆತ್ತಿರುತ್ತಿತ್ತು, ಶಾಲೆಯಲ್ಲಿ ಪಕ್ಕದಲ್ಲಿ ಕೂತವರ ಪುಸ್ತಕವೆಲ್ಲ ಅಂಟಿಕೊಳ್ಳುತ್ತಿತ್ತು. ಈಗ ಆ ಅಂಗಡಿ ಅವನದು. ಅವನ ಕಣ್ಣಿಗೆ ಜಗತ್ತಿನಲ್ಲಿ ಎರಡೇ ಬಗೆಯ ಜನ: ತೆರೆದ ಪುಸ್ತಕವನ್ನು ಮಗುಚಿ ಹಾಕುವವರು, ಹಾಕದವರು.

ಕಳೆದ ಸಲ ಬಂದಾಗ ನನ್ನ ಪಾಸ್‌ಪೋರ್ಟಿನ ನಡುವಿನ ಹೊಲಿಗೆ ಕಿತ್ತುಬಂದಿತ್ತು. ಯಾರೋ ಗುಮಾಸ್ತ ಜೆರಾಕ್ಸ್ ಯಂತ್ರದ ಮೇಲೆ ಅದನ್ನು ಅಮುಕಿದ್ದ. ಗೋಂದು ನೋಡಿದವನೇ ಕೆರಳಿದ. “ಇಷ್ಟು ದುಡ್ಡು ತಗೊಂಡು ಇಂಥ ಹೊಲಿಗೆ ಹಾಕಿ ಕೊಡ್ತಾರಾ ಇವರು? ನಮ್ಮಪ್ಪ ಇದ್ದಿದ್ರೆ ಕಪಾಳಕ್ಕೆ ಕೊಡ್ತಿದ್ದ” ಎಂದು ಚೀಲದಿಂದ ಸೂಜಿಯನ್ನೂ ಮೇಣ ಹಚ್ಚಿದ ದಾರವನ್ನೂ ತೆಗೆದ. ಹಲ್ಲುಜ್ಜುವ ಬ್ರಷ್ ಮರೆತು ಬಂದಿದ್ದ, ಸೂಜಿ ದಾರ ಮರೆತಿರಲಿಲ್ಲ. ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಕೂತು ಹೊಲಿದ. ಗಂಟು ಹಾಕುವಾಗ ಮಾತ್ರ ನನ್ನನ್ನು ಕರೆದ. ಅಂಗಡಿಯಲ್ಲಿ ಅದು ಯಾವಾಗಲೂ ನನ್ನ ಕೆಲಸ. ದಾರದ ಎರಡು ತುದಿ ಸೇರುವಲ್ಲಿ ನಾನು ಬೆರಳು ಒತ್ತಿ ಹಿಡಿಯಬೇಕು, ಅವನು ಅದರ ಮೇಲೆ ಗಂಟು ಎಳೆಯಬೇಕು. “ಬೆರಳು ತೆಗೀಬೇಡ” ಎನ್ನುತ್ತಿದ್ದ, ಏಳು ವರ್ಷದವನಿದ್ದಾಗಲೂ ಹಾಗೆಯೇ ಗದರುತ್ತಿದ್ದ. ಗಂಟು ಬಿಗಿಯಾಗುವ ಕೊನೆಯ ಕ್ಷಣಕ್ಕೆ ನಾನು ಬೆರಳು ಸರಕ್ಕನೆ ಜಾರಿಸಬೇಕು. ಈಗ ಅಪ್ಪನೂ ಇಲ್ಲ, ಆ ಗಂಟಿಗೆ ಯಾರ ಬೆರಳು ಹಿಡಿಸುತ್ತೀಯ ಎಂದು ಕೇಳಿದೆ. “ಒಬ್ನೇ ಇದ್ದಾಗ ಬೇರೆ ಗಂಟು ಹಾಕ್ತೀನಿ” ಎಂದ.

ಆ ಪಾಸ್‌ಪೋರ್ಟನ್ನು ಈ ಸಲ ಆ ಪುಟ್ಟ ದೇಶದ ವಿಮಾನ ನಿಲ್ದಾಣದ ಅಧಿಕಾರಿ ಕೌಂಟರಿನ ಮೇಲೆ ಬಿಡಿಸಿಟ್ಟರೆ, ಕೈಬಿಟ್ಟರೂ ಮುಚ್ಚಿಕೊಳ್ಳದೆ ತೆರೆದೇ ಮಲಗಿತು. ಒಳ್ಳೆಯ ಹೊಲಿಗೆಯ ಲಕ್ಷಣ ಅದು. ಹಿಂದೆ ಸಾಲು ಉದ್ದವಿತ್ತು. ಅವನು ಮುದ್ರೆ ಒತ್ತಿ, “ಜೋಪಾನವಾಗಿ ಇಟ್ಕೊಂಡಿದೀರಿ” ಎಂದ. ನನಗೆ ಹೆಮ್ಮೆಯಿಂದ ಕುತ್ತಿಗೆ ಎರಡು ಇಂಚು ಉದ್ದವಾಯಿತು.

ಹೋಟೆಲು ಅದೇ, ಕೋಣೆಯೂ ಅದೇ. ಎರಡು ಹಾಸಿಗೆ, ಒಂದು ಕಿಟಕಿ. ಕಿಟಕಿಯ ಪಕ್ಕದ ಹಾಸಿಗೆ ಯಾರಿಗೆ ಎನ್ನುವುದು ಪ್ರತಿ ಸಲದ ಮೊದಲ ಜಗಳ. ಅವನ ವಿಮಾನ ಮಧ್ಯಾಹ್ನಕ್ಕಿತ್ತು, ನಾನು ಬೆಳಿಗ್ಗೆಯೇ ತಲುಪಿದ್ದೆ. ಕಿಟಕಿಯ ಹಾಸಿಗೆಯ ಮೇಲೆ ನನ್ನ ಚೀಲ, ಸೀರೆ, ಬಾಚಣಿಗೆ ಎಲ್ಲ ಹರಡಿ ಅಧಿಕೃತವಾಗಿ ಆಕ್ರಮಿಸಿಕೊಂಡೆ. ಹೊದಿಕೆಯ ಅಂಚುಗಳನ್ನು ನಮ್ಮ ಆಸ್ಪತ್ರೆಯ ಹಾಗೆ ಬಿಗಿಯಾಗಿ ಮಡಿಸಿ ಸಿಕ್ಕಿಸಿದೆ. ಅವನ ಹಾಸಿಗೆಗೂ ಮಾಡಿದೆ. ಹೋಟೆಲಿನವರು ಸುಮ್ಮನೆ ಇಳಿಬಿಟ್ಟಿದ್ದರು, ನೋಡಲಾಗಲಿಲ್ಲ. ನಮ್ಮ ವಂಶದ ರೋಗ ಇದು, ಬೇರೆಯವರ ಕೆಲಸ ಕಂಡರೆ ಕೈ ತುರಿಸುತ್ತದೆ.

ಮಧ್ಯಾಹ್ನ ಫೋನು ಬಂತು. ಬಂದಿಳಿದ ಎಂದುಕೊಂಡೆ.

“ಅಕ್ಕ, ಇಲ್ಲೇ ಇದ್ದೀನಿ. ವಿಮಾನ ಹತ್ತಿಸ್ಲಿಲ್ಲ.”

“ಯಾಕೆ? ಆರು ತಿಂಗಳು ಕಮ್ಮಿ ಆಯ್ತಾ? ಬಡ್ಕೊಂಡಿದ್ದೆ ನಾನು, ತಾರೀಖು ನೋಡು ಅಂತ.”

“ತಾರೀಖು ಸರಿ ಇದೆ. ದಾರ ಸರಿ ಇಲ್ವಂತೆ.”

ನನಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ನಿಲ್ದಾಣದ ಅಧಿಕಾರಿಗಳ ಹತ್ತಿರ ಒಂದು ನೀಲಿ ದೀಪವಿದೆಯಂತೆ. ಅದರ ಕೆಳಗಿಟ್ಟರೆ ಪಾಸ್‌ಪೋರ್ಟಿನ ಹೊಲಿಗೆಯ ದಾರ ಹೊಳೆಯಬೇಕು. ಸರ್ಕಾರ ಹಾಕುವ ದಾರವೇ ಬೇರೆ. “ನಂದು ಹೊಳೀಲಿಲ್ಲ. ಕಪ್ಪಗೆ ಕೂತಿತ್ತು. ಹಾಳೆ ಬದಲಾಯಿಸಿದೀಯಾ, ಒಳಗೆ ಏನು ಸೇರಿಸಿದೀಯಾ ಅಂತ ಕೇಳಿದ್ರು. ಹೊಲಿಗೆ ಹಾಕಿದೀನಿ ಅಷ್ಟೇ ಅಂದೆ. ಅದೇ ತಪ್ಪು ಅಂದ್ರು. ಕಿತ್ಕೊಂಡ್ರು.”

“ನಿಂದು ಯಾವಾಗ ಹರಿದಿತ್ತೋ?”

“ನೀನು ಊಟ ಮಾಡಿದ್ಯಾ?” ಎಂದು ಅವನು ಮಾತು ತೇಲಿಸಿದ.

“ಹರಿದಿತ್ತು ತಾನೆ?”

“ಹರಿದಿರ್ಲಿಲ್ಲ.”

“ಮತ್ತೆ?”

“ಹೊಲಿಗೆ ಚೆನ್ನಾಗಿರ್ಲಿಲ್ಲ. ನಿಂದು ಅಷ್ಟು ಚೆನ್ನಾಗಾಯ್ತಲ್ಲ, ಊರಿಗೆ ಹೋಗಿ ನಂದನ್ನೂ ಬಿಚ್ಚಿ ಹಾಕ್ದೆ.”

ನನಗೆ ಕೋಪ ನೆತ್ತಿಗೇರಿತು. ಹರಿಯದ ಪುಸ್ತಕವನ್ನು ಬಿಚ್ಚಿ ಹೊಲಿಯುವವನು ಇಡೀ ಲೋಕದಲ್ಲಿ ಇವನೊಬ್ಬನೇ ಇರಬೇಕು, ಅವನು ನನಗೇ ತಮ್ಮನಾಗಿ ಹುಟ್ಟಬೇಕು. ಬಾಯಿಗೆ ಬಂದದ್ದೆಲ್ಲ ಅಂದೆ. ಮುಠ್ಠಾಳ ಎಂದೆ. ಅಪ್ಪ ನಿನಗೆ ಸೂಜಿ ಕೊಡುವ ಬದಲು ಬುದ್ಧಿ ಕೊಡಬೇಕಿತ್ತು ಎಂದೆ. ಹೊಸ ಪಾಸ್‌ಪೋರ್ಟ್ ಸಿಗುವಷ್ಟರಲ್ಲಿ ಇಲ್ಲಿ ನನಗೆ ಬಾಗಿಲು ಮುಚ್ಚಿರುತ್ತದೆ, ಗೊತ್ತಾ ನಿನಗೆ ಎಂದು ಕೇಳಿದೆ.

“ಗೊತ್ತು” ಎಂದ.

ಫೋನು ಕಟ್ ಮಾಡಿದೆ. ನಾನು ಹೇಳಿದ್ದೆನಲ್ಲ, ಫೋನಿನಲ್ಲಿ ಹಾಗೆ ಮಾಡಬಹುದು.

ಎಷ್ಟೋ ಹೊತ್ತು ಹಾಸಿಗೆಯ ತುದಿಯಲ್ಲಿ ಕೂತಿದ್ದೆ. ಮತ್ತೆ ಅವನೇ ಎರಡು ಸಲ ಮಾಡಿದ, ಎತ್ತಲಿಲ್ಲ. ಕೆಳಗೆ ಬೀದಿಯಲ್ಲಿ ಜನ ಚೀಲ ಎಳೆದುಕೊಂಡು ಹೋಗುವ ಗಾಲಿಗಳ ಸದ್ದು ಕೇಳುತ್ತಿತ್ತು. ಪ್ರತಿ ಸದ್ದಿಗೂ ಕಿವಿ ನಿಮಿರುತ್ತಿತ್ತು, ಅವನು ಬರುವುದಿಲ್ಲ ಎಂದು ಗೊತ್ತಿದ್ದೂ. ಸಂಜೆ ಕಿಟಕಿಯ ಹಾಸಿಗೆಯಿಂದ ನನ್ನ ಸಾಮಾನೆಲ್ಲ ಎತ್ತಿ ಗೋಡೆಯ ಬದಿಯ ಹಾಸಿಗೆಗೆ ಸಾಗಿಸಿದೆ. ಕಿಟಕಿಯ ಹಾಸಿಗೆಯನ್ನು ಮತ್ತೆ ಬಿಗಿಯಾಗಿ ಮಡಿಸಿ ಅವನಿಗೆ ಬಿಟ್ಟೆ. ಜಗಳವಿಲ್ಲದೆ ಗೆದ್ದದ್ದು ನನಗೆ ಬೇಕಿರಲಿಲ್ಲ.

ಮರುದಿನವೇ ಹೊರಟುಬಿಡೋಣ ಎಂದರೆ ಆಗುವುದಿಲ್ಲ. ಅಗ್ಗದ ಟಿಕೆಟ್, ತಾರೀಖು ಬದಲಾಗದು. ಆ ವಾಪಸ್ ಟಿಕೆಟ್ ತೋರಿಸಿದ್ದಕ್ಕೇ ಒಳಗೆ ಬಿಟ್ಟಿದ್ದರು, ಈಗ ಅದೇ ನನ್ನನ್ನು ಒಂದು ವಾರ ಕಟ್ಟಿಹಾಕಿತು.

ಬೆಳಗಿನ ತಿಂಡಿಗೆ ಇಬ್ಬರಿಗೆ ಎಂದು ಮೇಜು ಹಾಕಿದ್ದರು. ಹೋಟೆಲಿನ ಮ್ಯಾನೇಜರ್ ಒಬ್ಬಳು ಹೆಂಗಸು, ಒಳ್ಳೆಯವಳೇ, ನಮ್ಮ ಮುಖ ಅವಳಿಗೆ ನೆನಪಿತ್ತು. “ಇನ್ನೊಬ್ಬರು?” ಎಂದಳು. “ಬರ್ತಾನೆ” ಎಂದೆ. ಎರಡನೆಯ ದಿನವೂ ಕೇಳಿದಳು. “ಮೈ ಸರಿ ಇಲ್ಲ, ಮಲಗಿದಾನೆ” ಎಂದೆ. ಇಲ್ಲದವನ ಮೈಗೆ ಜ್ವರ ಬರಿಸಿದೆ. ಮೂರನೆಯ ದಿನ ಅವಳು ಕೇಳಲಿಲ್ಲ, ಅವನ ಮುಂದಿನ ತಟ್ಟೆಯನ್ನು ಎತ್ತಿಕೊಂಡು ಹೋದಳು. ನನ್ನ ಬದುಕಿನಲ್ಲಿ ನಾನು ಒಬ್ಬಳೇ ಉಂಡ ಊಟಕ್ಕೆ ಲೆಕ್ಕವಿಲ್ಲ, ಆದರೆ ಎದುರಿಗಿಟ್ಟ ತಟ್ಟೆಯನ್ನು ತೆಗೆದುಕೊಂಡು ಹೋಗುವುದನ್ನು ನೋಡಿರಲಿಲ್ಲ.

ಬಂದರಿನ ಹತ್ತಿರ ಒಂದು ಬೆಂಚಿದೆ. ದೋಣಿಗಳು ಬಂದು ಹೋಗುವುದನ್ನು ನೋಡುತ್ತ ನಾವು ಅಲ್ಲೇ ದಿನ ಕಳೆಯುತ್ತಿದ್ದೆವು. ಸುತ್ತಲಿನ ಪ್ರವಾಸಿಗಳು ಫೋಟೋ ತೆಗೆಯುತ್ತಿದ್ದರೆ ಗೋಂದು ಅವರ ಕೈಯಲ್ಲಿರುವ ಪುಸ್ತಕಗಳ ಬೆನ್ನು ನೋಡುತ್ತಿದ್ದ. “ಅಂಟಿಸಿದ್ದು. ಮನೆ ಸೇರೋದ್ರೊಳಗೆ ಉದುರುತ್ತೆ ನೋಡು” ಎನ್ನುತ್ತಿದ್ದ. ಈ ಸಲ ನಾನೊಬ್ಬಳೇ ಹೋಗಿ ಒಂದು ತುದಿಗೆ ಕೂತೆ. ಹಣ್ಣಿನ ಚೀಲ ಹಿಡಿದ ಒಬ್ಬ ಬಂದು, “ಇಲ್ಲಿ ಯಾರಾದ್ರೂ ಇದಾರಾ?” ಎಂದ.

“ಇದಾರೆ” ಎಂದೆ.

ಅವನು ಆಚೆ ಈಚೆ ನೋಡಿ ನಿಂತೇ ಇದ್ದ. ವಯಸ್ಸಾದವನು, ಮಂಡಿ ನೋವಿತ್ತೋ ಏನೋ. ನಾಚಿಕೆಯಾಗಿ ಎದ್ದು ನನ್ನ ಜಾಗವನ್ನೇ ಅವನಿಗೆ ಕೊಟ್ಟು ಹೊರಟೆ. ದಾರಿಯಲ್ಲಿ ಅಳು ಬಂತು. ಬೇರೆ ದೇಶದ ಬೀದಿಯಲ್ಲಿ ಅಳುವುದಕ್ಕೆ ಒಂದು ಅನುಕೂಲವಿದೆ, ಗುರುತಿನವರು ಸಿಗುವುದಿಲ್ಲ.

ಆ ಸಂಜೆ ಫೋನು ಎತ್ತಿದೆ. ಅವನು ಸಮಾಧಾನದ ಮಾತೇನೂ ಆಡಲಿಲ್ಲ, ಅವನಿಗೆ ಅದು ಬರುವುದೂ ಇಲ್ಲ.

“ನಿಂದು ದೀಪದ ಕೆಳಗೆ ಇಟ್ರಾ?”

“ಇಲ್ಲ.”

“ಹೋಗುವಾಗ ಇಡ್ತಾರೆ. ಇಲ್ಲಾಂದ್ರೆ ನಿಮ್ಮೂರಲ್ಲಿ ಇಡ್ತಾರೆ.” ಅವನ ದನಿ ಒಣಗಿತ್ತು. “ಅಕ್ಕ, ಕೇಳು. ನಾನು ಇಲ್ಲಿ ಒಬ್ಬರನ್ನ ವಿಚಾರಿಸ್ದೆ. ಹರಿದಿದ್ರೆ ಬೈದು ಬಿಟ್ಟುಬಿಡ್ತಾರಂತೆ. ಹೊಲಿದಿದ್ರೆ ಬಿಡಲ್ವಂತೆ, ತಿದ್ದಿದ್ದು ಅಂತ ಬರ್ಕೊಂಡು ಪಾಸ್‌ಪೋರ್ಟೇ ರದ್ದು ಮಾಡ್ತಾರಂತೆ. ನೀನು ಆ ದಾರ ತೆಗೆದು ಎಸೆದುಬಿಡು. ಗಂಟು ಬಿಚ್ಚೋದು ನಿಂಗೆ ಗೊತ್ತಲ್ಲ.”

ಗೊತ್ತು. ಹೊಲಿಗೆ ತಪ್ಪಿದಾಗ ಅಪ್ಪನ ಕಣ್ಣಿಗೆ ಬೀಳುವ ಮೊದಲು ಬಿಚ್ಚಿಕೊಡುತ್ತಿದ್ದವಳು ನಾನೇ. ಬೆರಳು ಜಾರಿಸಿದ ಕಡೆಯೇ ಉಗುರು ತೂರಿಸಿ ಎತ್ತಬೇಕು, ಎಳೆಯಬಾರದು.

ಪಾಸ್‌ಪೋರ್ಟನ್ನು ಅವನ ಹಾಸಿಗೆಯ ಮೇಲೆ ತೆರೆದಿಟ್ಟೆ. ತೆರೆದೇ ಮಲಗಿತು. ನಡುಹಾಳೆಯ ಮಡಿಕೆಯಲ್ಲಿ ದಾರ ನೇರವಾಗಿ ಕೂತಿತ್ತು, ಅಕ್ಕಿಕಾಳಿಗಿಂತ ಚಿಕ್ಕ ಗಂಟು. ಉಗುರು ಇಟ್ಟೆ. ಒಂದು ಸಲ ಎತ್ತಿದ್ದರೆ ನನ್ನ ತೊಂದರೆಯೆಲ್ಲ ಮುಗಿಯುತ್ತಿತ್ತು. ಆದರೆ ಈ ಕೋಣೆಯಲ್ಲಿ ಅವನು ಇದ್ದ ಎನ್ನುವುದಕ್ಕೆ ಉಳಿದಿದ್ದುದು ಅದೊಂದೇ. ಒಬ್ಬನೇ ಇದ್ದಾಗ ಹಾಕುವ ಗಂಟಲ್ಲ ಅದು, ನನ್ನ ಬೆರಳು ಇಟ್ಟು ಹಾಕಿದ್ದು. ನನ್ನ ಕೈಯಲ್ಲಿ ಆಗಲಿಲ್ಲ. ಮುಚ್ಚಿ ಚೀಲಕ್ಕೆ ಹಾಕಿದೆ.

“ತೆಗೆದ್ಯಾ?” ಎಂದು ಅವನು ಮರುದಿನ ಕೇಳಿದ.

“ತೆಗೆದೆ” ಎಂದೆ.

ಹೊರಡುವ ದಿನ ನಿಲ್ದಾಣದಲ್ಲಿ ಪಾಸ್‌ಪೋರ್ಟನ್ನು ಮುಚ್ಚಿಯೇ ಕೊಟ್ಟೆ. ಅಲ್ಲಿನವನು ನನ್ನ ಮುಖವನ್ನೂ ನೋಡದೆ ಮುದ್ರೆ ಗುದ್ದಿ ಕಳಿಸಿದ. ತೊಲಗುವವರ ದಾರ ಯಾರಿಗೂ ಬೇಕಿಲ್ಲ. ಸಿಕ್ಕಿಬಿದ್ದದ್ದು ನಮ್ಮೂರಿನಲ್ಲೇ.

ಕೌಂಟರಿನಲ್ಲಿ ಕೂತಿದ್ದವಳು ನಡುವಯಸ್ಸಿನ ಅಧಿಕಾರಿ, ಕನ್ನಡಕವನ್ನು ಸರಕ್ಕೆ ಕಟ್ಟಿ ಕೊರಳಿಗೆ ನೇತುಹಾಕಿದ್ದಳು. ಪಾಸ್‌ಪೋರ್ಟು ಅಷ್ಟು ಚೆನ್ನಾಗಿ ತೆರೆದುಕೊಂಡದ್ದೇ ಅವಳಿಗೆ ಸಂಶಯ ಹುಟ್ಟಿಸಿತು. ಅವಳ ಕೆಲಸದಲ್ಲಿ ಅವಳೂ ಗೋಂದುವಿನ ಜಾತಿಯೇ. ಕನ್ನಡಕ ಏರಿಸಿ, ಬೆರಳಲ್ಲಿ ಮಡಿಕೆ ಸವರಿ, ದೀಪ ಹಾಕಿದಳು. ಹಾಳೆಗಳ ಮೇಲೆ ಎಂದೂ ಕಾಣದ ಬಳ್ಳಿ, ಅಂಕಿ, ಚುಕ್ಕೆಗಳೆಲ್ಲ ಹೊಳೆದವು. ನಡುವಿನ ದಾರ ಮಾತ್ರ ಕಪ್ಪಗಿತ್ತು.

ಪಕ್ಕದ ಮೇಜಿಗೆ ಕರೆದು ಕೂರಿಸಿದಳು. “ಇದು ನಮ್ಮ ದಾರ ಅಲ್ಲ. ಯಾರು ಹೊಲಿದಿದ್ದು?”

ಯಾರೋ ಅಂಗಡಿಯವನು, ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಒಂದು ವಾರದಿಂದ ಎದುರಿಗೆ ಕೂತು ಅವನ ವಿಷಯ ನನ್ನನ್ನು ಕೇಳಿದವಳು ಇವಳೊಬ್ಬಳೇ.

“ನನ್ನ ತಮ್ಮ” ಎಂದೆ. “ಬೈಂಡಿಂಗ್ ಕೆಲಸ ಮಾಡ್ತಾನೆ. ಅವನ ಹೊಲಿಗೆ ನೀವು ನೋಡಿದ್ರಲ್ಲ, ಎಲ್ಲಾದ್ರೂ ಒಂದು ಎಳೆ ಸಡಿಲ ಇದೆಯಾ?”

“ಇಲ್ಲ” ಎಂದಳು, ಒಪ್ಪಿಕೊಳ್ಳಲು ಇಷ್ಟವಿಲ್ಲದವಳ ಹಾಗೆ. “ಎಲ್ಲಿದಾರೆ ಅವರು?”

ದೇಶದ ಹೆಸರು ಹೇಳಿದೆ. ಅವಳು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಮತ್ತೆ ಬರೆದಳು. ಹಾಳೆಗಳನ್ನು ಒಂದೊಂದಾಗಿ ತಾಳೆ ನೋಡಿದಳು, ಒಂದೂ ಬದಲಾಗಿರಲಿಲ್ಲ. ಕೊನೆಗೆ ಹೇಳಿದಳು: “ನೀವು ಈ ದೇಶದವರು, ಮನೆಗೆ ಹೋಗಬಹುದು. ಇದನ್ನ ಮಾತ್ರ ನಾವು ಇಟ್ಕೋತೀವಿ. ರದ್ದಾಗುತ್ತೆ. ಬೇಕಾದ್ರೆ ವಿಚಾರಣೆ ಆದ ಮೇಲೆ ಹೊಸದಕ್ಕೆ ಅರ್ಜಿ ಹಾಕಿ.”

“ಹೊಸದು ತಗೊಂಡು ಎಲ್ಲಿಗೆ ಹೋಗ್ಲಿ?” ಎಂದೆ. ಅವಳು ಪಾಸ್‌ಪೋರ್ಟನ್ನು ಲಕೋಟೆಯೊಳಗೆ ಹಾಕಲು ಹೊರಟಳು.

“ಆ ದಾರ ಕೊಡಿ” ಎಂದೆ.

“ಅಮ್ಮ, ಹಾಗೆಲ್ಲ ಕೊಡೋಕಾಗಲ್ಲ. ಪಾಸ್‌ಪೋರ್ಟು ಸರ್ಕಾರದ ಆಸ್ತಿ.”

“ಪಾಸ್‌ಪೋರ್ಟು ನೀವೇ ಇಟ್ಕೊಳ್ಳಿ. ದಾರ ಸರ್ಕಾರದ್ದಲ್ಲ ಅಂತ ಈಗ ತಾನೆ ದೀಪ ಹಾಕಿ ತೋರಿಸಿದ್ರಲ್ಲ?”

ಅವಳು ಕನ್ನಡಕ ತೆಗೆದು ನನ್ನನ್ನೇ ನೋಡಿದಳು. ಕೋಪಿಸಿಕೊಳ್ಳುತ್ತಾಳೆ ಎಂದುಕೊಂಡೆ. ಹೊಲಿಗೆಯ ಫೋಟೋ ತೆಗೆದುಕೊಂಡಳು. ಆಮೇಲೆ ಡ್ರಾಯರಿನಿಂದ ಕತ್ತರಿ ತೆಗೆದಳು.

“ಕತ್ತರಿಸಬೇಡಿ” ಎಂದೆ. “ನಂಗೆ ಬಿಚ್ಚೋಕೆ ಬರುತ್ತೆ.”

ಅವಳು ಪಾಸ್‌ಪೋರ್ಟನ್ನು ನನ್ನ ಕಡೆ ತಳ್ಳಿದಳು. ಬೆರಳು ಜಾರಿಸಿದ್ದ ಜಾಗಕ್ಕೆ ಉಗುರು ತೂರಿಸಿ ಮೆಲ್ಲಗೆ ಎತ್ತಿದೆ. ಹೋಟೆಲಿನ ಕೋಣೆಯಲ್ಲಿ ಅಷ್ಟು ಕಷ್ಟವೆನಿಸಿದ ಗಂಟು, ಕೇಳಿದ ತಕ್ಷಣ ಬಿಟ್ಟಿತು. ಒಂದೊಂದೇ ತೂತಿನಿಂದ ದಾರ ಹೊರಗೆ ಬಂತು. ಹಾಳೆಗಳು ಮೇಜಿನ ಮೇಲೆ ಸಡಿಲವಾಗಿ ಹರಡಿಕೊಂಡವು. ಒಂದರ ಮೇಲೆ ಆ ಪುಟ್ಟ ದೇಶದ ಮೂರು ಸಲದ ಮುದ್ರೆಗಳಿದ್ದವು. ಅಧಿಕಾರಿ ಅವನ್ನೆಲ್ಲ ಕೂಡಿಸಿ ಲಕೋಟೆಗೆ ಹಾಕಿದಳು.

ಹೊರಗೆ ಕಟಕಟೆಯ ಆಚೆ ಜನ ಅವರವರ ಮಂದಿಗಾಗಿ ಕಾಯುತ್ತಿದ್ದರು. ನನಗೆ ಯಾರೂ ಇಲ್ಲ ಎಂದು ಗೊತ್ತಿದ್ದರೂ ಒಂದು ಸುತ್ತು ನೋಡಿದೆ. ಬಸ್ ನಿಲ್ದಾಣಕ್ಕೆ ಬಂದು ಫೋನು ಮಾಡಿದೆ.

“ತಲುಪಿದ್ಯಾ?”

“ತಲುಪ್ದೆ.”

“ದೀಪ ಹಾಕಿದ್ರಾ?”

“ಹಾಕಿದ್ರು.”

“ಹರಿದಿದೆ ಅಂದ್ಯಾ?”

“ತಮ್ಮ ಹೊಲಿದಿದ್ದು ಅಂದೆ. ಪಾಸ್‌ಪೋರ್ಟು ಅವರ ಹತ್ರ ಇದೆ, ದಾರ ನನ್ನ ಹತ್ರ ಇದೆ. ಬೆರಳಿಗೆ ಸುತ್ಕೊಂಡಿದೀನಿ.”

ನಾನು ದಾರ ಬಿಚ್ಚಿ ಎಸೆದೆ ಎಂದು ಅವನು ನಂಬಿದ್ದ. ಬೈಯುತ್ತಾನೆ ಎಂದು ಕಾದೆ, ಬೈದಿದ್ದರೆ ನನಗೂ ಒಂದು ಜಗಳ ಸಿಗುತ್ತಿತ್ತು. ಅವನ ಮೂಗು ಕಟ್ಟಿದ ಉಸಿರು ಕೇಳುತ್ತಿತ್ತು.

“ಯಾವ ಬೆರಳಿಗೆ?” ಎಂದ.

“ಅದಕ್ಕೇ. ಗಂಟು ಹಿಡೀತಿದ್ನಲ್ಲ, ಅದಕ್ಕೆ.”

“ತೆಗೀಬೇಡ” ಎಂದ, ಅದೇ ಗದರುವ ದನಿಯಲ್ಲಿ.

ತೆಗೆಯಲಿಲ್ಲ. ಬಸ್ಸು ತಡವಾಗಿ ಬಂತು, ಅಲ್ಲಿಯವರೆಗೂ ಇಬ್ಬರೂ ಫೋನು ಕಟ್ ಮಾಡಲಿಲ್ಲ.